ಮತ್ತಿಮರದ ಕೂಗು

ಕೆರೆದಂಡೆಯ ಮತ್ತಿಮರದ ತುದಿಯಿಂದ ಚಿರತೆಯ ಸುದ್ದಿ ಕೂಗುವುದು ನಮ್ಮ ಮುಸಿಯ ಕೋತಿಗಳ ಮನೆತನಕ್ಕೆ ತಲತಲಾಂತರದಿಂದ ಬಂದ ಕೆಲಸ. ನಮ್ಮಲ್ಲಿ ಯಾರೂ ಸುಳ್ಳು ಕೂಗಿದವರಲ್ಲ. ಜಿಂಕೆಗಳು ನಾಯಕನನ್ನು ಆರಿಸುವ ಹಿಂದಿನ ದಿನ ನಾನು ಕೂಗಿದೆ. ಹಳೆಯ ನಾಯಕ ಕೊಂಬು ಕೊಡವಿ ನಕ್ಕ.

“ನನ್ನ ಆಡಳಿತದಲ್ಲಿ ಚಿರತೆಯೇ? ಸುಳ್ಳುಬುರುಕಿ ಮುದುಕಿ! ಯಾರೂ ಕದಲಬೇಡಿ.”

ಒಬ್ಬ ತಾಯಿಜಿಂಕೆ ಮಾತ್ರ ಮರಿಯನ್ನು ದೂಡಿಕೊಂಡು ಓಡಿದಳು. ಮರಿ ನಿಂತಿದ್ದ ಜಾಗಕ್ಕೇ ಚಿರತೆ ಹಾರಿತು; ಉಳಿದವರು ದಿಕ್ಕಾಪಾಲಾಗಿ ಓಡಿ ಬದುಕಿಕೊಂಡರು.

ಸಂಜೆ ಆ ತಾಯಿ ಬಂದು, “ಅಜ್ಜಿ, ನಿಮ್ಮಿಂದ ನನ್ನ ಕೂಸು ಉಳಿಯಿತು” ಎಂದಳು.

“ನಾಯಕನ ಮಾತು ಮೀರಿ ನನ್ನನ್ನು ನಂಬಿದೆಯಲ್ಲ ಮಗಳೇ, ನಾನೇ ನಿನಗೆ ಋಣಿ” ಎಂದೆ.

ಅವಳ ಹಿಂದೆಯೇ ನಾಯಕ ಬಂದ. “ಅಜ್ಜಿಯವರೇ, ಹಿಂಡನ್ನು ಉಳಿಸಿದ್ದು ನಾನೇ ಎಂದು ಒಂದು ಕೂಗು ಹಾಕಿಬಿಡಿ.”

“ಆಗದು. ಇಡೀ ಹಿಂಡಿನ ಮುಂದೆ ನನ್ನ ಕ್ಷಮೆ ಕೇಳಿ.”