ಹಾರೆ ಖಣ್ ಎಂದ ಜಾಗ

"ತರ್ಕ ಕಲಿತು ಏನು ಮಾಡಲಿ, ಗುರುಗಳೇ?" ಎಂದು ಚೆನ್ನವೀರ ಕೇಳಿದ. "ವೈದ್ಯ ರೋಗ ಕಳೆಯುತ್ತಾನೆ. ಜೋಯಿಸ ಗ್ರಹಣದ ಹೊತ್ತು ಹೇಳುತ್ತಾನೆ. ಶಿಲ್ಪಿ ಗೋಪುರ ನಿಲ್ಲಿಸುತ್ತಾನೆ. ತರ್ಕದವನು ಮಾತ್ರ ಅವರೆಲ್ಲರನ್ನೂ 'ಅದು ಹೇಗೆ?' ಎಂದು ಕೇಳುತ್ತ ಕೂರುತ್ತಾನೆ."

ಮೂರು ವರ್ಷ ಉರು ಹೊಡೆದು ಅವನ ತಲೆ ಚಿಟ್ಟು ಹಿಡಿದಿತ್ತು. ನಿನ್ನೆ ಸಂಜೆ ಸಿಟ್ಟಿನ ಭರದಲ್ಲಿ ತರ್ಕದ ಓಲೆಗರಿಯ ಕಟ್ಟನ್ನು ಮಠದ ಕೊಳಕ್ಕೆ ಎಸೆದುಬಿಟ್ಟಿದ್ದ. ಯಾರೂ ನೋಡಲಿಲ್ಲವೆಂಬುದೇ ಅವನ ಧೈರ್ಯ. ಇಂದು ಅಪ್ಪಣೆ ಪಡೆದು ಊರಿಗೆ ಹೊರಡಬೇಕೆಂದಿದ್ದ.

ಗುರುಗಳು ಗದರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಕಲ್ಲುಕೆಲಸದವನು ಹಳ್ಳಕ್ಕೆ ಸೇತುವೆ ಕಟ್ಟಲು ಹೊರಟ. ದಡದಲ್ಲಿ ಹಾರೆ ಹಾಕಿದ. ಖಣ್ ಎಂದಿತು. "ಬಂಡೆ ಸಿಕ್ಕಿತು, ಇಲ್ಲೇ ಕಂಬ" ಎಂದ. ಗಾರೆ ಕಲೆಸುತ್ತಿದ್ದ ಹೆಂಡತಿ ತಲೆಯೆತ್ತಿದಳು.

"ಅಲ್ಲರೀ, ಬಂಡೆಗೆ ತಾಗಿದರೆ ಹಾರೆ ಖಣ್ ಅನ್ನುತ್ತೆ, ಒಪ್ಪಿದೆ. ಖಣ್ ಅಂದಲ್ಲೆಲ್ಲ ಬಂಡೆಯೇ ಇರಬೇಕಾ?"

ಅವನಿಗೆ ರೇಗಿತು. "ನೀನು ಒಂದು ಕಲ್ಲಿನ ಮೇಲೆ ಒಂದು ಕಲ್ಲು ಇಟ್ಟವಳಲ್ಲ. ಬರೀ ಪ್ರಶ್ನೆಯಿಂದ ಸೇತುವೆ ಏಳುತ್ತದೇನೇ?"

"ಏಳೋದಿಲ್ಲ. ಆದರೆ ಬಾಣಂತನ ಮುಗಿಸಿಕೊಂಡು ನಮ್ಮ ಮಗಳು ಕೂಸನ್ನು ಎತ್ತಿಕೊಂಡು ಇದರ ಮೇಲೇ ಗಂಡನ ಮನೆಗೆ ಹೋಗಬೇಕಲ್ಲ."

ಅವನು ಗೊಣಗುತ್ತಲೇ ಅಗೆದ. ಸಿಕ್ಕಿದ್ದು ಯಾವುದೋ ಕಾಲದಲ್ಲಿ ಹೂತುಹೋದ ಬಟ್ಟೆ ಒಗೆಯುವ ಕಲ್ಲು. ಅದನ್ನು ಸರಿಸಿ ಕೆಳಗೆ ಕೈಯಿಟ್ಟ. ಭುಜದವರೆಗೂ ಕೆಸರಿನಲ್ಲಿ ಇಳಿಯಿತು. ಕೈ ಹೊರಗೆಳೆದುಕೊಂಡವನು ಅಲ್ಲೇ ಕುಳಿತುಬಿಟ್ಟ. ಬಹಳ ಹೊತ್ತು ಹೆಂಡತಿಯ ಮುಖ ನೋಡಲು ನಾಚಿದ.

ಆಮೇಲೆ ದಡದ ಮೇಲುಗಡೆ ನಾಲ್ಕು ಕಡೆ ಅಗೆದು, ಕಣ್ಣಾರೆ ಬಂಡೆ ಕಂಡ ಮೇಲೆಯೇ ಕಂಬ ನಿಲ್ಲಿಸಿದ. ಆ ವರ್ಷ ಹಳ್ಳ ಉಕ್ಕಿ ಹರಿಯಿತು. ಒಗೆಯುವ ಕಲ್ಲು ಕೊಚ್ಚಿಹೋಯಿತು, ಸೇತುವೆ ನಿಂತಿತು. ಮಗಳು ಕೂಸಿನೊಂದಿಗೆ ದಾಟಿ ಹೋದಳು. ಕಟ್ಟಿದವರು ಯಾರೆಂದು ಊರವರು ಕೇಳಿದರೆ, "ಕಟ್ಟಿದ್ದು ನಾನು, ಬೀಳದ ಹಾಗೆ ನೋಡಿಕೊಂಡವಳು ಇವಳು" ಎನ್ನುತ್ತಿದ್ದ.

ಕತೆ ಮುಗಿಯಿತು. ಚೆನ್ನವೀರನಿಗೆ ಕೊಳದ ನೆನಪಾಯಿತು. ಹೇಗೆ ಹೇಳುವುದೆಂದು ತಡವರಿಸುತ್ತಿದ್ದವನ ಬೆನ್ನ ಮೇಲೆ ಗುರುಗಳು ಕೈಯಿಟ್ಟರು.

"ನಿನ್ನ ಓಲೆಗರಿಯನ್ನು ಪಡಸಾಲೆಯಲ್ಲಿ ಒಣಹಾಕಿದ್ದೇನೆ ಮಗು, ಸಂಜೆ ಪಾಠಕ್ಕೆ ಬರುವಾಗ ತೆಗೆದುಕೊಂಡು ಬಾ."