ಒಡಕು ಗಾಜಿನ ಅಳತೆ

ಗಂಗೊಳ್ಳಿ ಬಂದರಿನಲ್ಲಿ ಬಾಬಯ್ಯ ಖಾರ್ವಿ ಎಂಬ ತಾಂಡೇಲನಿದ್ದ. ಬೋಟು ನಡೆಸುವವನಿಗೆ ಅಲ್ಲಿ ಹಾಗೆನ್ನುತ್ತಾರೆ. ಅವನು ಮೀಸೆ ತಿರುವಿದ ಕಡೆಗೆ ಬಂಗುಡೆ ಮೀನುಗಳು ತಾವಾಗಿಯೇ ಸಾಲುಗಟ್ಟಿ ಬಂದು ಬಲೆಯೊಳಗೆ ಕೂರುತ್ತಿದ್ದವಂತೆ. ನೋಡಿದವರು ಯಾರೂ ಇಲ್ಲ. ಹೇಳಿದವನು ಅವನೊಬ್ಬನೇ.

ಮಳೆಗಾಲದ ರಜೆ ಮುಗಿದಿತ್ತು. ಮರುದಿನ ಬೆಳಗ್ಗೆ ಏಳು ಜನ ಕಡಲಿಗಿಳಿಯಬೇಕು. ಬೋಟಿನ ಮುಂದಿನ ಕಿಟಕಿಯ ಗಾಜು ನೋಡಿದರೆ ಮೂರು ತುಂಡು. ಹಾಗೇ ಹೋದರೆ ಮೊದಲ ದೊಡ್ಡ ಅಲೆಯೇ ಒಳನುಗ್ಗಿ ಚುಕ್ಕಾಣಿ ಹಿಡಿದವನನ್ನು ಕೆಡವುತ್ತದೆ. ಬಾಬಯ್ಯ ಕುಂದಾಪುರದಿಂದ ಗಾಜಿನಷ್ಟೇ ತಿಳಿಯಾದ ದಪ್ಪ ಪ್ಲಾಸ್ಟಿಕ್ ಶೀಟು ತಂದ. ಹಳೆಯ ಗಾಜನ್ನು ಕಿತ್ತು, "ಇಪ್ಪತ್ತು ವರ್ಷ ಆರಾಮಾಗಿ ಕೂತಿದ್ದು ಸಾಕು, ಹೋಗು" ಎಂದು ಕಸದ ರಾಶಿಗೆ ಎಸೆದ.

"ತಾಂಡೇಲ್ರೆ, ಬಿಸಾಡಬೇಡಿ, ಅಳತೆಗೆ ಬೇಕು," ಎಂದ ಬಡಗಿ ವಾಮನ ಆಚಾರಿ.

"ಹತ್ತು ಮಾರು ಆಳದ ಮೀನಿನ ಉದ್ದ ಹೇಳುವ ಕಣ್ಣು ಇದು, ಆಚಾರ್ರೆ. ನಾನು ಹೇಳಿದಲ್ಲಿ ಕೊಯ್ಯಿರಿ."

ಆಚಾರಿ ಕೊಯ್ದ. ಇಟ್ಟು ನೋಡಿದರೆ ಒಂದು ಮೂಲೆಯಲ್ಲಿ ಎರಡು ಬೆರಳು ಸಂದಿ. ಆ ಚೌಕಟ್ಟು ಮೊದಲಿನಿಂದಲೂ ಓರೆ. ಎಷ್ಟು ಓರೆ ಎಂಬುದು ಹಳೆಯ ಗಾಜಿಗೆ ಮಾತ್ರ ಗೊತ್ತಿತ್ತು.

ಶೀಟಿನಲ್ಲಿ ಇನ್ನೊಂದೇ ಕಿಟಕಿಗಾಗುವಷ್ಟು ಮಿಕ್ಕಿತ್ತು. ಬಾಬಯ್ಯನ ಮೀಸೆ ಇಳಿಯಿತು. ಕಸದ ರಾಶಿಗೆ ಓಡಿ ಕೆದಕಿದ. ಗಾಜಿರಲಿಲ್ಲ.

"ಎಂತ ಹುಡುಕ್ತೀರಿ ಮಾರಾಯ್ರೆ? ನಿಮ್ಮ ಕಣ್ಣಿನ ಸರದಿ ಮುಗೀತಲ್ಲ, ಈಗ ಇದರದ್ದು," ಎಂದು ಆಚಾರಿ ಗೋಣಿಚೀಲ ಬಿಚ್ಚಿದ. ಒಳಗೆ ಮೂರು ತುಂಡೂ ಇದ್ದವು. ಹೆಕ್ಕುವಾಗ ಕೊಯ್ದುಕೊಂಡ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದ.

ತುಂಡುಗಳನ್ನು ಶೀಟಿನ ಮೇಲೆ ಜೋಡಿಸಿ, ಸುತ್ತ ಗೆರೆ ಎಳೆದು ಕೊಯ್ದ. ಈ ಸಲ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂತಿತು.

ಮರುದಿನ ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ತೆಂಗಿನಮರದೆತ್ತರದ ಅಲೆ ಎದ್ದು ಬಂತು. ಬಾಬಯ್ಯನ ಲೆಕ್ಕದಲ್ಲಿ ಎರಡು ತೆಂಗಿನಮರ. ಶೀಟು ಒಳಕ್ಕೆ ಬಾಗಿತು, ಮತ್ತೆ ನೆಟ್ಟಗಾಯಿತು. ಒಂದು ಹನಿಯೂ ಒಳಬರಲಿಲ್ಲ. ಏಳು ಜನವೂ ಕ್ಷೇಮವಾಗಿ ದಡ ಸೇರಿದರು.

ಆಚಾರಿ ಮೀನು ತಿನ್ನುವವನಲ್ಲ. ಹಾಗಾಗಿ ಬಾಬಯ್ಯ ಒಂದು ಬಾಳೆಗೊನೆ ಹೊತ್ತು ಅವನ ಮನೆಗೆ ಹೋದ. "ಹೆಬ್ಬೆರಳು ಹೇಗಿದೆ, ಆಚಾರ್ರೆ?" ಎಂದ. ಅವನು ಬಡಾಯಿ ಬಿಟ್ಟು ಇನ್ನೊಬ್ಬರನ್ನು ವಿಚಾರಿಸಿದ್ದು ಗಂಗೊಳ್ಳಿಯಲ್ಲಿ ಅದೇ ಮೊದಲು.

ಈಗಲೂ ಅವನು ಆ ಕಥೆ ಹೇಳುತ್ತಾನೆ. ಅಲೆ ಐದು ತೆಂಗಿನಮರದಷ್ಟು ಬೆಳೆದಿದೆ. ಕಿಟಕಿಯ ಮಾತು ಬಂದಾಗ ಮಾತ್ರ, "ಅದು ವಾಮನಾಚಾರ್ರು ಉಳಿಸಿಕೊಟ್ಟ ಜೀವ" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾನೆ.

ನೀತಿ: ಹಳೆಯದನ್ನು ಬದಲಿಸುವಾಗ ಬೈದು ಎಸೆಯಬಾರದು, ಹೊಸದಕ್ಕೆ ಅಳತೆ ಕೊಡುವುದು ಅದೇ. ಇನ್ನು ಬಡಾಯಿ ಎಷ್ಟಾದರೂ ಇರಲಿ, ನೆರವಾದವರ ಉಪಕಾರವನ್ನು ಮಾತ್ರ ಒಂದಿಂಚೂ ಕಡಿಮೆ ಅಳೆಯಬಾರದು.