ನವಣೆ ರಾಶಿಯೂ ಗಡವ ಕೋತಿಯೂ

ಒಂದು ಕಾಡಿನಲ್ಲಿ, ಹೊಳೆದಂಡೆಯ ಮೆಕ್ಕಲುಮಣ್ಣಿನಲ್ಲಿ ಇಲಿಗಳು ನವಣೆ ಬೆಳೆಯುತ್ತಿದ್ದವು. ಮುಂದೆ ಹೊಳೆ, ಹಿಂದೆ ಬೋಳುಬಂಡೆ. ಬಂಡೆ ಹತ್ತಿದರೆ ಹದ್ದಿನ ಕಾಟ. ಪಾಪ, ಅವು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ನವಣೆ ಎಲ್ಲ ಒಂದೇ ವಾರದಲ್ಲಿ ಮಾಗುತ್ತಿತ್ತು. ಅದನ್ನು ಕೊಯ್ದು ಅತ್ತಿಮರದ ಕೆಳಗೆ ಒಂದೇ ರಾಶಿ ಹಾಕುತ್ತಿದ್ದವು. ರಾಶಿ ದೊಡ್ಡದಾದಷ್ಟೂ ಹೆಮ್ಮೆ! ಅದು ಕಂಡವರ ಕಣ್ಣಿಗೆಲ್ಲ ಬೀಳುತ್ತದೆ ಎಂಬ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

ಒಂದು ಸುಗ್ಗಿಯಲ್ಲಿ ಗಡವ ಕೋತಿಯೊಂದು ಬಂತು.

"ಹದ್ದು ಬಂದರೆ ಮರದ ಮೇಲಿಂದ ಕೂಗಿ ಹೇಳುತ್ತೇನೆ. ಹತ್ತರಲ್ಲಿ ಒಂದು ಪಾಲು ಕೊಡಿ, ಸಾಕು" ಎಂದಿತು.

ಇಲಿಗಳು ಒಪ್ಪಿದವು. ಮರುವರ್ಷ ಗಡವ ನಾಲ್ಕು ಕೋತಿಗಳನ್ನು ಕಾವಲಿಗೆ ಕರೆತಂದು ಅರ್ಧ ಪಾಲು ಕೇಳಿತು. "ಇನ್ನು ಮೇಲೆ ನನ್ನನ್ನು ದೊರೆ ಅನ್ನಿ" ಎಂದೂ ಗದರಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆ ಮಳೆಗಾಲದಲ್ಲಿ ಚಿಮ್ಮಿ ಎಂಬ ತಾಯಿ ಇಲಿಯ ಎರಡು ಮರಿಗಳು ಹಸಿವಿನಿಂದ ಸತ್ತವು. ಉಳಿದದ್ದು ಮೂರು.

ಬಿತ್ತನೆಯ ಹೊತ್ತಿಗೆ ಗಡವ ಸಾರಿತು: "ಈ ಸಲ ರಾಶಿಯೆಲ್ಲ ನನ್ನದು. ಕಣ ಗುಡಿಸಿದ್ದು ನಿಮ್ಮದು."

"ದೊರೇ, ನನ್ನ ಮಕ್ಕಳು ಏನು ತಿನ್ನಬೇಕು?" ಎಂದು ಚಿಮ್ಮಿ ಕೇಳಿದಳು.

"ಇಷ್ಟವಿಲ್ಲದಿದ್ದರೆ ಊರು ಬಿಡು!" ಎಂದು ಗಡವ ಹಲ್ಲು ಕಿರಿಯಿತು.

ಬೇರೆ ದಾರಿ ಹುಡುಕಲೇಬೇಕು, ಸತ್ತರೆ ಸಾಯುತ್ತೇನೆ ಎಂದು ಚಿಮ್ಮಿ ಬಂಡೆ ಹತ್ತಿದಳು. ಮೇಲೆ ಹದ್ದು ಸುತ್ತುತ್ತಿತ್ತು. ಬಿರುಕಿನಿಂದ ಬಿರುಕಿಗೆ ಓಡಿ, ಬಂಡೆಯಾಚೆಯ ಮುದಿ ಮುಳ್ಳುಹಂದಿಯ ಗುಹೆಗೆ ನುಗ್ಗಿದಳು.

"ಅಜ್ಜಾ, ಆ ಗಡವ ನಿನ್ನ ಹತ್ತಿರ ಪಾಲು ಕೇಳಲಿಲ್ಲವೇ?"

"ಕೇಳದೆ ಬಿಟ್ಟಾನೆಯೇ, ತಾಯಿ? ಬಂದ, ನೆಲ ನೋಡಿದ, ಹೋದ. ನನ್ನದು ಕಾಡುಗೆಣಸು. ಮಣ್ಣೊಳಗೇ ಇರುತ್ತದೆ. ಹಸಿದಾಗ ಹಸಿದಷ್ಟೇ ಅಗೆಯುತ್ತೇನೆ. ರಾಶಿ ಹಾಕಿದರೆ ತಾನೇ ಅವನಿಗೆ ಕಾಣೋದು?"

ಅಜ್ಜ ಗೆಣಸಿನ ತುಂಡುಗಳನ್ನು ಕೊಟ್ಟ. ಚಿಮ್ಮಿ ಜೀವ ಕೈಯಲ್ಲಿ ಹಿಡಿದು ಅವನ್ನು ಹೊತ್ತು ತಂದು ಎಲ್ಲ ಇಲಿಗಳಿಗೂ ಹಂಚಿದಳು, ಅಜ್ಜನ ಮಾತನ್ನೂ ಹೇಳಿದಳು. ಆ ವರ್ಷ ಯಾವ ಇಲಿಯೂ ನವಣೆ ಬಿತ್ತಲಿಲ್ಲ. ಕಲ್ಲಿನ ಸಂದು, ಪೊದೆಯ ಬುಡ, ಹೊಳೆಯ ಏರಿ, ಸಿಕ್ಕಲ್ಲೆಲ್ಲ ಗೆಣಸು ಹೂತಿಟ್ಟವು. ದಿನವೂ ಒಂದೇ ಯೋಚನೆ. ಗಡವನಿಗೆ ಗೊತ್ತಾದರೆ ಏನು ಗತಿ?

ಸುಗ್ಗಿ ಬಂತು. ಗಡವ ತನ್ನ ಕೋತಿಗಳೊಡನೆ ರಾಶಿಗೆಂದು ಬಂದು ಅತ್ತಿಮರ ಹತ್ತಿತು. ಅತ್ತಿಮರದ ಕೆಳಗೆ ಒಂದು ಕಾಳೂ ಇಲ್ಲ. ಗೆಣಸಿನ ಬಳ್ಳಿಗಳೂ ಗುರುತು ಸಿಗದಂತೆ ಒಣಗಿ ಹೋಗಿದ್ದವು. ಕಾವಲಿನ ಕೋತಿಗಳು ಅಲ್ಲಿ ಇಲ್ಲಿ ಕೆದಕಿದವು. ಸಿಕ್ಕಿದ್ದು ಬರೀ ಕಲ್ಲು.

"ದೊರೇ, ನಮ್ಮ ಪಾಲು ಎಲ್ಲಿ?" ಎಂದು ಅವು ಗಡವನನ್ನೇ ಸುತ್ತುವರಿದವು. ಅವು ಅದನ್ನು ಕಚ್ಚಿ ಪರಚಿ, ಮರದಿಂದ ಕೆಡವಿ, ತಮ್ಮ ದಾರಿ ಹಿಡಿದವು.

ಮೂರು ದಿನದ ಮೇಲೆ ಗಡವ ಕುಂಟುತ್ತಾ ಚಿಮ್ಮಿಯ ಬಿಲದ ಬಾಗಿಲಿಗೆ ಬಂತು. ಒಳಗೆ ಮೂರೂ ಮರಿಗಳು ಗೆಣಸು ಮೆಲ್ಲುತ್ತಿದ್ದವು.

"ಚಿಮ್ಮಕ್ಕಾ, ಹಸಿವು. ಒಂದೇ ಒಂದು ಚೂರು ಕೊಡು."

ಚಿಮ್ಮಿ ಮರಿಗಳನ್ನು ಹಿಂದಕ್ಕೆ ತಳ್ಳಿ ಬಾಗಿಲಿಗೆ ಬಂದಳು.

"ನೆಲ ಅಲ್ಲೇ ಇದೆ. ಅಗೆದುಕೊಂಡು ತಿನ್ನಪ್ಪಾ" ಎಂದಳು.

ನೀತಿ: ದುಡಿದವರ ಅನ್ನ ಕಿತ್ತು ದೊರೆಯಾದವನ ದೊರೆತನ, ಆ ಅನ್ನ ಕೈಗೆ ಸಿಗುವವರೆಗೆ ಮಾತ್ರ.